ಕಪ್ಪಾದ ಪ್ಲಗ್

ಕಳೆದ ವಾರ ಬಚ್ಚಲುಮನೆಯಲ್ಲಿ ಸುಟ್ಟ ವಾಸನೆ. ಸ್ವಿಚ್ ಆರಿಸಿ ಗೀಸರ್ ಪ್ಲಗ್ ಎಳೆದರೆ, ಒಂದು ಪಿನ್ನಿನ ಬುಡ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಉಬ್ಬಿಕೊಂಡಿತ್ತು. ನೀರು ಮಾತ್ರ ಎಂದಿನಂತೆಯೇ ಕಾದಿತ್ತು. "ಲೂಸ್ ಕಾಂಟ್ಯಾಕ್ಟ್ ಸಾರ್. ಹೀಗೇ ಬಿಟ್ಟಿದ್ರೆ ಬೆಂಕಿ ಹತ್ಕೊಳ್ತಿತ್ತು" ಎಂದರು ಎಲೆಕ್ಟ್ರಿಷಿಯನ್. ಹಾಗಿದ್ದರೆ ಎಂಸಿಬಿ ಯಾಕೆ ಬೀಳಲಿಲ್ಲ? ರಾತ್ರಿಯಿಡೀ ಇದೇ ಕೊರೆಯಿತು. ಬೆಳಿಗ್ಗೆ ಮಗಳ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆಗೆದು ಕೂತೆ.

ಗೀಸರ್ ಮೇಲೆ 2000 ವ್ಯಾಟ್, 230 ವೋಲ್ಟ್ ಎಂದು ಬರೆದಿದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು ಸಿಗುತ್ತದೆ: ಸುಮಾರು 8.7 ಆಂಪಿಯರ್. ವೋಲ್ಟನ್ನು ಆ ಆಂಪಿಯರಿನಿಂದ ಭಾಗಿಸಿದರೆ ಒಳಗಿನ ಕಾಯಿಲ್‌ನ ರೋಧ: ಹತ್ತಿರ ಹತ್ತಿರ 26.5 ಓಮ್. ಈಗ ಸಡಿಲ ಪಿನ್ನು ದಾರಿಯಲ್ಲಿ ಬರೀ ಅರ್ಧ ಓಮ್ ಸೇರಿಸಿತೆನ್ನಿ. ರೋಧ 27 ಆಯಿತು, ಕರೆಂಟು 8.5ಕ್ಕೆ ಇಳಿಯಿತು. ಗಮನಿಸಿ, ಏರಲಿಲ್ಲ, ಇಳಿಯಿತು. ಕರೆಂಟು ಮಿತಿಮೀರಿದರೆ ಮಾತ್ರ ಬೀಳುವ 16 ಆಂಪಿಯರಿನ ಎಂಸಿಬಿಗೆ ಇದರ ಸುಳಿವೇ ಹತ್ತುವುದಿಲ್ಲ. ಆದರೆ ಆ ಅರ್ಧ ಓಮ್‌ನಲ್ಲಿ ಹುಟ್ಟುವ ಶಾಖವೆಷ್ಟು? 8.5ನ್ನು 8.5ರಿಂದಲೇ ಗುಣಿಸಿ ಅರ್ಧ ಮಾಡಿ: 36 ವ್ಯಾಟ್. ರೇಡಿಯೋ ರಿಪೇರಿಯವರು 25 ವ್ಯಾಟಿನ ಸೋಲ್ಡರಿಂಗ್ ಐರನ್ ಹಿಡಿದು ಸೀಸ ಕರಗಿಸುತ್ತಾರೆ. ಅದಕ್ಕಿಂತ ಹೆಚ್ಚಿನ ಕಾವು ನಮ್ಮ ಮನೆಯ ಪಿನ್ನಿನ ಬುಡದಲ್ಲಿ ದಿನಾ ಕೂತಿತ್ತು.

ಕರೆಂಟನ್ನು ಅದರಿಂದಲೇ ಗುಣಿಸಬೇಕೆಂದು ಕಂಡುಕೊಂಡವನು ಇಂಗ್ಲೆಂಡಿನ ಜೇಮ್ಸ್ ಜೌಲ್. ಬಿಯರ್ ತಯಾರಿಸುವ ಮನೆತನದ ಹುಡುಗ, 1841ರಲ್ಲಿ ಅವನಿಗಿನ್ನೂ 22. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಕರೆಂಟು ಹರಿಸಿ, ಥರ್ಮಾಮೀಟರ್ ನೋಡುತ್ತ ಕೂತ. ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ ಎಂಬುದು ಅವನಿಗೆ ಹೊಳೆದದ್ದು ಹೀಗೆ. ಗೀಸರ್ ಎಂದರೆ ಅವನ ಆ ಪ್ರಯೋಗವೇ, ನಮ್ಮ ಬಚ್ಚಲಿಗೆ ಬಂದು ಗೋಡೆಯ ಮೇಲೆ ಕೂತಿದೆ.

ಇದೇ ಲೆಕ್ಕ ನಮ್ಮ ನಾಡಿನಲ್ಲಿ 1902ರಲ್ಲಿ ದೊಡ್ಡದಾಗಿ ನಡೆದಿತ್ತು. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಗಬೇಕಿತ್ತು. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ಅದನ್ನು ತಪ್ಪಿಸುವಂತಿಲ್ಲ. ಅದಕ್ಕೇ ವೋಲ್ಟೇಜನ್ನು 30 ಸಾವಿರದ ಆಸುಪಾಸಿಗೆ ಏರಿಸಿ ಕಳಿಸಿದರು. ವೋಲ್ಟೇಜು ಹತ್ತುಪಟ್ಟಾದರೆ ಅಷ್ಟೇ ವಿದ್ಯುತ್ತಿಗೆ ಹತ್ತನೇ ಒಂದು ಪಾಲು ಕರೆಂಟು ಸಾಕು, ತಂತಿ ಕಾದು ಆಗುವ ನಷ್ಟ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಕಾವೇರಿಯ ಬಲ ದಾರಿಯಲ್ಲೇ ಕರಗದೆ ಗಣಿ ಮುಟ್ಟಿದ್ದರ ಹಿಂದೆ ಈ ಗುಣಾಕಾರವಿದೆ. ನನಗಂತೂ ಅದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಹೊಸ ಸಾಕೆಟ್ಟು ಹಾಕಿ, ಸ್ಕ್ರೂ ಬಿಗಿದು, ಅರ್ಧ ಗಂಟೆ ನೀರು ಕಾಯಿಸಿ, ಸ್ವಿಚ್ ಆರಿಸಿ ಪ್ಲಗ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಸಂಜೆ ಊರಿಗೆ ಫೋನ್ ಮಾಡಿ, ಅಲ್ಲಿನ ಗೀಸರ್ ಪ್ಲಗ್ ಬಿಸಿಯಾಗುತ್ತದಾ ಎಂದು ಅಮ್ಮನನ್ನು ಕೇಳಿದೆ. "ಅದು ಮೊದಲಿಂದ್ಲೂ ಬಿಸೀನೇ ಕಣೋ" ಎಂದಳು. ಇನ್ನು ಅದನ್ನು ಹಾಕಬೇಡ, ಒಲೆಯಲ್ಲೇ ನೀರು ಕಾಯಿಸಿಕೋ ಎಂದೆ. ಭಾನುವಾರದ ಬಸ್ಸಿಗೆ ಹೊರಟಿದ್ದೇನೆ, ಚೀಲದಲ್ಲಿ ಇನ್ನೊಂದು ಹೊಸ ಸಾಕೆಟ್ಟಿದೆ.