ದೂರದ ಬೆಟ್ಟ, ಹತ್ತಿರದ ಕಣ್ಣು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ ಕಾಲಕ್ಕೆ ದೂರವೆಂದರೆ ನಾಲ್ಕಾರು ಹರದಾರಿ. ಈಗ ಅದೇ ಬೆಟ್ಟವನ್ನು ಸುಮಾರು 800 ಕಿಲೋಮೀಟರು ಎತ್ತರದಿಂದ ಉಪಗ್ರಹಗಳು ನೋಡುತ್ತಿವೆ. ಅಷ್ಟು ದೂರದಿಂದ ಬೆಟ್ಟ ನುಣ್ಣಗೆ ಕಾಣುವುದಿಲ್ಲ. ಕಾಡು ಎಲ್ಲಿ ತೆಳುವಾಯಿತು, ಗುಡ್ಡವನ್ನು ಎಲ್ಲಿ ಕಡಿದರು, ಹೊಳೆ ಎಲ್ಲಿ ಬತ್ತಿತು ಎಂಬುದೆಲ್ಲ ಬಯಲಾಗಿ ಕಾಣುತ್ತದೆ. ಹಾಗಾದರೆ ಗಾದೆ ಸುಳ್ಳಾಯಿತೆಂದು ನಾವು ತಿಳಿಯಬೇಕೆ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳುವುದಾದರೆ, ದೂರದಿಂದ ಸ್ಪಷ್ಟವಾಗಿ ಕಂಡವನಿಗೆ, ಬೆಟ್ಟದ ಮೇಲೆ ಬಾಳುವವನ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರವೂ ಬರುತ್ತದೆಯೆ? ಕಾಣುವುದು ವಿಜ್ಞಾನದ ಕೆಲಸ. ತೀರ್ಪು ಕೊಡುವುದು ನೀತಿಯ ಮಾತು. ಇವೆರಡರ ನಡುವಿನ ಅಂತರವನ್ನು ಕುರಿತು ನಾವು ಸ್ವಲ್ಪ ಯೋಚಿಸಬೇಕಾಗಿದೆ.

ನಮ್ಮ ಸಹ್ಯಾದ್ರಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2010ರಲ್ಲಿ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟಗಳ ಅಧ್ಯಯನಕ್ಕಾಗಿ ಒಂದು ತಜ್ಞರ ಸಮಿತಿಯನ್ನು ನೇಮಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿ ಬೆಳೆಸಿದ ಪ್ರೊ. ಮಾಧವ ಗಾಡ್ಗೀಳರು ಅದರ ಅಧ್ಯಕ್ಷರು. ಗುಜರಾತಿನಿಂದ ಕನ್ಯಾಕುಮಾರಿಯವರೆಗೆ ಆರು ರಾಜ್ಯಗಳಲ್ಲಿ ಹಬ್ಬಿದ ಈ ಶ್ರೇಣಿಯನ್ನು ಅವರು ಸುಮಾರು 9 ಕಿ.ಮೀ. ಅಗಲ, 9 ಕಿ.ಮೀ. ಉದ್ದದ ಚೌಕಗಳಾಗಿ ವಿಂಗಡಿಸಿ, ಉಪಗ್ರಹದ ಚಿತ್ರ, ಮಳೆ, ಇಳಿಜಾರು, ಜೀವವೈವಿಧ್ಯ ಮೊದಲಾದ ಮಾಹಿತಿಗಳನ್ನು ಗಣಕಯಂತ್ರದಲ್ಲಿ ಒಂದರ ಮೇಲೊಂದು ಹಾಸಿ, ಪ್ರತಿ ಚೌಕಕ್ಕೂ ಸೂಕ್ಷ್ಮತೆಯ ಅಂಕ ಕೊಟ್ಟರು. 2011ರ ಆಗಸ್ಟಿನಲ್ಲಿ ವರದಿ ಸಲ್ಲಿಕೆಯಾಯಿತು. ಆದರೆ ಅದು ಜನರ ಕೈಗೆ ಬಂದದ್ದು, ಮಾಹಿತಿ ಹಕ್ಕಿನ ಅರ್ಜಿಯೊಂದು ದೆಹಲಿಯ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2012ರ ಮೇ ತಿಂಗಳಲ್ಲಿ. ಯಾರ ಊರಿನ ನಕ್ಷೆ ಬರೆದರೋ ಅವರಿಗೇ ಆ ನಕ್ಷೆ ಒಂಬತ್ತು ತಿಂಗಳು ಗುಟ್ಟಾಗಿತ್ತು!

ಆಮೇಲೆ ಬಾಹ್ಯಾಕಾಶ ಸಂಸ್ಥೆಯ ಮಾಜಿ ಅಧ್ಯಕ್ಷರಾದ ಡಾ. ಕಸ್ತೂರಿರಂಗನ್ನರ ನೇತೃತ್ವದಲ್ಲಿ ಎರಡನೆಯ ಸಮಿತಿ ರಚನೆಯಾಗಿ, 2013ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ಇವರ ಅಳತೆ ಇನ್ನೂ ಸೂಕ್ಷ್ಮ. ಒಂದೊಂದು ಚುಕ್ಕೆ 24 ಮೀಟರಿನದು. ಘಟ್ಟಪ್ರದೇಶದ ಶೇಕಡಾ 37ರಷ್ಟು, ಅಂದರೆ ಸುಮಾರು 60,000 ಚದರ ಕಿ.ಮೀ. ಭೂಮಿಯನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಇವರು ಗುರುತಿಸಿದರು. ಇದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಇದನ್ನು ಆಧರಿಸಿ 2014ರಿಂದ ಮತ್ತೆ ಮತ್ತೆ ಕರಡು ಅಧಿಸೂಚನೆಗಳು ಹೊರಟವು. 2024ರ ಜುಲೈ 31ರಂದು ಇನ್ನೊಂದು ಹೊರಟಾಗ, ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಅದನ್ನು ತಿರಸ್ಕರಿಸುವ ತೀರ್ಮಾನ ಮಾಡಿತು.

ಈ ನಡುವೆ ಬೆಟ್ಟ ಸುಮ್ಮನಿರಲಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದಾದ ಎರಡು ವಾರಕ್ಕೆ ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜೀವಗಳು ಮಣ್ಣಿನಲ್ಲಿ ಸೇರಿದವು. ಆದ್ದರಿಂದ ಇದು ಪಂಡಿತರ ವಾಗ್ವಾದವೆಂದು ನಾವು ಪಕ್ಕಕ್ಕಿಡುವಂತಿಲ್ಲ.

ದೂರದ ಕಣ್ಣಿಗೆ ಒಂದು ದೊಡ್ಡ ಗುಣವಿದೆ, ಅದನ್ನು ಒಪ್ಪಲೇಬೇಕು. ಹತ್ತಿರವಿರುವವನಿಗೆ ತನ್ನ ಒಂದು ಮರ ಕಾಣುತ್ತದೆ. ಸಾವಿರ ಜನ ಒಂದೊಂದು ಮರ ಕಡಿದದ್ದರ ಮೊತ್ತ ಕಾಣುವುದಿಲ್ಲ. ಮೇಲಿನ ಊರಿನಲ್ಲಿ ಗುಡ್ಡ ಸೀಳಿದರೆ ಕೆಳಗಿನ ಊರಿನ ಬಾವಿಗೆ ಏನಾದೀತೆಂಬುದು ಸೀಳುವವನಿಗೆ ತಿಳಿಯುವುದಿಲ್ಲ. ಮೂವತ್ತು ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡುವ ಸಂಶೋಧಕನಿಗೆ ಅದು ತಿಳಿಯುತ್ತದೆ. ಮುಂದಿನ ಪೀಳಿಗೆಯ ಪಾಲನ್ನು ಉಳಿಸಿಕೊಂಡು ಇಂದಿನ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎನ್ನುವುದಾದರೆ, ಇನ್ನೂ ಹುಟ್ಟದವರ ಪರವಾಗಿ ಲೆಕ್ಕ ಇಡುವವರೊಬ್ಬರು ಬೇಕಲ್ಲವೆ? ಆ ಲೆಕ್ಕದ ಪುಸ್ತಕವೇ ಈ ನಕ್ಷೆ.

ಆದರೆ ಆ ಪುಸ್ತಕದಲ್ಲಿ ಬರೆಯದೆ ಉಳಿದದ್ದೂ ಬಹಳವಿದೆ. 24 ಮೀಟರಿನ ಚೌಕವೆಂದರೆ ಆರು ಗುಂಟೆಗೆ ಸ್ವಲ್ಪ ಕಡಿಮೆ. ಇಪ್ಪತ್ತು ಗುಂಟೆ ಅಡಿಕೆ ತೋಟದ ಬಡ ಬೇಸಾಯಗಾರನ ಇಡೀ ಬದುಕು ಆ ಚಿತ್ರದಲ್ಲಿ ಮೂರೋ ನಾಲ್ಕೋ ಚುಕ್ಕೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯವರಿಗೆ ಸೊಪ್ಪಿನ ಬೆಟ್ಟವೆಂದರೆ ಏನೆಂದು ಹೇಳಬೇಕಾಗಿಲ್ಲ. ತೋಟಕ್ಕೆ ಸೊಪ್ಪು, ದರಕು ಒದಗಿಸುವ, ತೋಟಕ್ಕೇ ಲಗತ್ತಾದ ಕಾಡು ಅದು. ಉಪಗ್ರಹದ ಕಣ್ಣಿಗೆ ಅದು ತೆಳುವಾದ ಹಸಿರು. ಸರ್ಕಾರದ ದಫ್ತರದಲ್ಲಿ ಅರಣ್ಯ. ಬೇಸಾಯಗಾರನಿಗೆ ತೋಟದ ಇನ್ನರ್ಧ. ಒಂದೇ ನೆಲ, ಮೂರು ಹೆಸರು. ಹಾಗೆಯೇ ಮಲೆನಾಡಿನ ಕಾನುಗಳು, ಕೊಡಗಿನ ದೇವರ ಕಾಡುಗಳು. ಅವು ದಟ್ಟವಾಗಿ ಉಳಿದಿವೆಯೆಂದು ಚಿತ್ರ ಹೇಳಬಲ್ಲದು. ಏಕೆ ಉಳಿದವು, ಯಾರ ಭಯಭಕ್ತಿ ಅವನ್ನು ಕಾಯ್ದಿತು ಎಂಬುದನ್ನು ಅದು ಹೇಳಲಾರದು.

ಈ ಅಂತರವನ್ನು ನಮ್ಮ ಕಾನೂನು ಒಂದು ಕಡೆ ಬಹಳ ವಿವೇಕದಿಂದ ಗುರುತಿಸಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆಯನ್ನು ತೋರಿಸಬೇಕು. ಭೂಮಿಯನ್ನು ಚಿತ್ರಿಸುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಹಾರಿದ್ದೇ 1972ರಲ್ಲಿ. ನಮ್ಮ ದೇಶದ ದೂರಸಂವೇದಿ ಉಪಗ್ರಹ ಐ.ಆರ್.ಎಸ್. 1ಎ ಹಾರಿದ್ದು 1988ರಲ್ಲಿ. ಅಜ್ಜನ ಕಾಲಕ್ಕೆ ಹುಟ್ಟಿಯೇ ಇರದ ಸಾಕ್ಷಿ ಅಜ್ಜನ ವಿಷಯ ಹೇಗೆ ನುಡಿದೀತು? ಅದಕ್ಕೇ 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಉಪಗ್ರಹ ಚಿತ್ರವನ್ನು ಉಳಿದ ಸಾಕ್ಷ್ಯಗಳ ಜೊತೆಗೆ ಬಳಸಬಹುದು, ಅವುಗಳ ಬದಲಿಗೆ ಬಳಸಕೂಡದು ಎಂದು ವಿಧಿಸಿದವು. ಊರಿನ ಹಿರಿಯರ ಹೇಳಿಕೆಗೂ ಅಲ್ಲಿ ಸಾಕ್ಷ್ಯದ ಸ್ಥಾನವಿದೆ. ಚಿಕ್ಕ ನಿಯಮವಾದರೂ ಇದರಲ್ಲಿ ದೊಡ್ಡ ನೀತಿಯೊಂದು ಅಡಗಿದೆ: ನಕ್ಷೆ ಸಾಕ್ಷಿಯಾಗಬಹುದು, ನ್ಯಾಯಾಧೀಶನಾಗಲಾರದು.

ಹೀಗೆಂದ ಮಾತ್ರಕ್ಕೆ ಹತ್ತಿರದ ಕಣ್ಣು ದೋಷವಿಲ್ಲದ್ದೆಂದು ಭಾವಿಸಬಾರದು. ಗ್ರಾಮಸಭೆಯಲ್ಲಿ ಬಡವನ ದನಿಗಿಂತ ಕಲ್ಲುಕೋರೆಯವನ ದನಿ ಜೋರಾಗಿ ಕೇಳುವುದುಂಟು. 'ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ' ಎಂಬ ಗುಲ್ಲು ವರದಿ ಓದುವ ಮೊದಲೇ ಊರೂರು ಸುತ್ತುವುದುಂಟು. ಆದರೆ ಆ ಗುಲ್ಲಿಗೆ ಮದ್ದು ಯಾವುದು? ಗಾಡ್ಗೀಳ್ ಸಮಿತಿ ತನ್ನ ವಲಯಗಳನ್ನು ಕೊನೆಯ ತೀರ್ಮಾನವೆಂದು ಹೇಳಲಿಲ್ಲ. ಅವನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂದು ಸೂಚಿಸಿತ್ತು. ಅಂಥ ಚರ್ಚೆ ಊರೂರಿನಲ್ಲಿ, ಊರಿನವರ ಭಾಷೆಯಲ್ಲಿ ನಡೆದಿದ್ದರೆ ಅನುಮಾನಕ್ಕೆ ಎಡೆ ಕಡಿಮೆಯಾಗುತ್ತಿತ್ತು. ತಿಳಿವಳಿಕೆಯನ್ನು ಬಚ್ಚಿಟ್ಟ ಕಡೆ ಭಯ ಬೆಳೆಯುತ್ತದೆ.

ವಿಶ್ವವಿದ್ಯಾನಿಲಯಗಳ ಹೊಣೆ ಇಲ್ಲಿ ದೊಡ್ಡದು. 2021ರಿಂದ ಸರ್ಕಾರ ನಕ್ಷೆ ತಯಾರಿಕೆಯ ಮೇಲಿನ ಹಳೆಯ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿದೆ. ಒಬ್ಬ ಸಾಮಾನ್ಯ ವಿದ್ಯಾರ್ಥಿಯೂ ಇಂದು ತನ್ನ ಹೋಬಳಿಯ ನಕ್ಷೆ ಬರೆಯಬಲ್ಲ. ಆದರೆ ಆ ನಕ್ಷೆ ಇಂಗ್ಲಿಷ್ ಪ್ರಬಂಧವಾಗಿ ಪದವಿಯೊಂದನ್ನು ತಂದುಕೊಟ್ಟು ಕಪಾಟು ಸೇರಿದರೆ ಆ ಹೋಬಳಿಗೆ ಸಂದದ್ದೇನು? ಯಾರ ನೆಲವನ್ನು ಅಳೆದೆವೋ ಅವರಿಗೆ ಅವರ ಮಾತಿನಲ್ಲಿ ಅದನ್ನು ತಿರುಗಿ ತೋರಿಸಿ, 'ಇದು ಸರಿಯಿದೆಯೆ?' ಎಂದು ಕೇಳುವುದು ಸಂಶೋಧಕನ ಔದಾರ್ಯವಲ್ಲ, ಸಾಲ ತೀರಿಸುವ ಬಗೆ.

ಇನ್ನು ಹೊರನಾಡ ಕನ್ನಡಿಗರಾದ ನಮ್ಮ ಮಾತು. ಘಟ್ಟದ ಮೇಲಿನಿಂದಲೋ ಕೆಳಗಿನಿಂದಲೋ ಮುಂಬಯಿಗೆ ಬಂದು ನೆಲಸಿದ ನಮ್ಮ ಸ್ಥಾನವೂ ಒಂದು ಬಗೆಯಲ್ಲಿ ಆ ಉಪಗ್ರಹದ್ದೇ. ರಜೆಗೆ ಹೋದಾಗ ಊರು ಹಸಿರಾಗಿರಬೇಕು, ಹೊಳೆ ತುಂಬಿರಬೇಕು ಎಂದು ನಮಗೆ ಆಸೆ. ರೈಲು ಬೇಗ ಮುಟ್ಟಬೇಕು, ರಸ್ತೆ ಅಗಲವಾಗಬೇಕು, ಹಿರಿಯರ ಜಾಗಕ್ಕೆ ಒಳ್ಳೆಯ ಬೆಲೆ ಬರಬೇಕು ಎಂಬುದೂ ನಮ್ಮದೇ ಆಸೆ. ಕಾಡು ಉಳಿಸುವ ಖರ್ಚನ್ನು ಮಾತ್ರ ಅಲ್ಲೇ ಉಳಿದ ದಾಯಾದಿ ಭರಿಸಬೇಕೆನ್ನುವುದು ಯಾವ ನ್ಯಾಯ? ಇಲ್ಲಿ ನಾವು ಕುಡಿಯುವ ತಾನಸಾ, ವೈತರಣಾ, ಭಾತ್ಸಾ ನೀರು ಕೂಡ ಅದೇ ಸಹ್ಯಾದ್ರಿಯ ಬುಡದಿಂದ ಬರುತ್ತದೆ. ಬೆಟ್ಟದ ಋಣ ಬೆಟ್ಟದವರೊಬ್ಬರದೇ ಅಲ್ಲ. ಕೆಳಗೆ ಕುಳಿತು ನೀರು ಕುಡಿಯುವ ಎಲ್ಲರದೂ.

ಆದಕಾರಣ ಊರಿನ ಕಾಡಿನ ಬಗೆಗೆ ಅಭಿಪ್ರಾಯ ಹೇಳುವ ಮುನ್ನ ನಾವು ಮಾಡಬಹುದಾದ ಕೆಲಸ ಒಂದಿದೆ. ನಕ್ಷೆಯಲ್ಲಿ ನಮ್ಮ ಹಳ್ಳಿಯ ಚೌಕ ಯಾವುದೆಂದು ಹುಡುಕಿ, ಅಲ್ಲಿರುವ ಅಣ್ಣನನ್ನೋ ಅತ್ತಿಗೆಯನ್ನೋ ಕೇಳೋಣ: ಅಲ್ಲಿ ಏನಿದೆ, ಏನಿತ್ತು, ಉಳಿಸಲು ನಿಮಗೇನು ಬೇಕು? ದೂರದ ಕಣ್ಣು ಕಂಡದ್ದನ್ನು ಹತ್ತಿರದ ಬಾಯಿ ಹೇಳಿದ್ದರೊಡನೆ ತಾಳೆ ನೋಡಿದಾಗ ಮಾತ್ರ ಬೆಟ್ಟದ ನಿಜರೂಪ ನಮಗೆ ತಿಳಿದೀತು.