ಹೊತ್ತವನ ಕೂಲಿ

ದೇವರಾಜ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯಲ್ಲಿ ನನ್ನ ಬಾಡಿಗೆ ಕೋಣೆಯಿದೆ. ಕಳೆದ ವರ್ಷ ಒಂದು ರಾತ್ರಿ ಅಲ್ಲಿ ಕೂತು, ಕಾರ್ಡಿನ ನಂಬರು ಒತ್ತಿ, ವಿದೇಶದ ಕಂಪನಿಯೊಂದಕ್ಕೆ ಒಂದು ತಿಂಗಳ ಚಂದಾ ಕಟ್ಟಿದೆ. ಏನು ಕೊಂಡೆ ಎಂದು ಗೆಳೆಯ ಕೇಳಿದ. ‘ಮೂವತ್ತು ವರ್ಷದ ಹಿಂದೆ ಜನ ಪುಕ್ಕಟೆ ಆಡಿದ ಮಾತು’ ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ನನ್ನ ಸಂಶೋಧನೆ ಹೊರದೇಶದ ಕನ್ನಡಿಗರ ಬರಹದ ಮೇಲೆ. 1990ರ ದಶಕದಲ್ಲಿ ಅವರು ಕೂಡುತ್ತಿದ್ದ ಕಟ್ಟೆಗಳಲ್ಲಿ ಒಂದು, ಯೂಸ್‌ನೆಟ್ಟಿನ ‘ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ’ ಎಂಬ ನ್ಯೂಸ್‌ಗ್ರೂಪ್. ಕನ್ನಡ ಲಿಪಿಯಲ್ಲಿ ಬರೆಯುವುದು ಆಗ ಸುಲಭವಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಓಡುತ್ತಿತ್ತು.

ಯೂಸ್‌ನೆಟ್ಟಿಗೆ ಯಜಮಾನನಿಲ್ಲ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, ಇದನ್ನು ಯೋಚಿಸಿದರು. ಒಂದು ಕಂಪ್ಯೂಟರಿಗೆ ಬಂದ ಪತ್ರ ಪಕ್ಕದ್ದಕ್ಕೆ ನಕಲಾಗಿ, ಅಲ್ಲಿಂದ ಮುಂದಕ್ಕೆ ಹೋಗುತ್ತಿತ್ತು. ಖರ್ಚು ವಿಶ್ವವಿದ್ಯಾಲಯಗಳದ್ದು. ಆಮೇಲೆ ಸಿನಿಮಾ, ಹಾಡು, ಸಾಫ್ಟ್‌ವೇರಿನ ಭಾರೀ ಕಡತಗಳು ತುಂಬಿಕೊಂಡವು. ಹೊರುವ ಭಾರ ಹೆಚ್ಚಿದಂತೆ ಒಬ್ಬೊಬ್ಬರೇ ಹೆಗಲು ಕೊಡವಿದರು. 2010ರಲ್ಲಿ ಡ್ಯೂಕ್ ಕೂಡ ತನ್ನ ಸರ್ವರನ್ನು ಮುಚ್ಚಿತು. ಆ ಜಾಗಕ್ಕೆ ಬಂದದ್ದು ತಿಂಗಳ ಚಂದಾ ಕೇಳುವ ಕಂಪನಿಗಳು.

ಹೊತ್ತವನಿಗೆ ಕೂಲಿ ಕೊಡುವುದರಲ್ಲಿ ತಪ್ಪೇನು? ನಮ್ಮ ಮಾರುಕಟ್ಟೆಯಲ್ಲಿ ಹೂವಿನ ಮೂಟೆ ಇಳಿಸುವವರಿಗೆ ಯಾರೂ ಪುಕ್ಕಟೆ ದುಡಿ ಎನ್ನುವುದಿಲ್ಲ. ಹಾಗೆಂದು ಮೊದಲು ಸಮಾಧಾನ ಮಾಡಿಕೊಂಡೆ. ಆದರೆ ಬರೀ ಅಕ್ಷರದ ಪತ್ರಗಳು ಹೊರುವಷ್ಟು ಭಾರವೇ ಅಲ್ಲ. ಅವನ್ನು ಉಚಿತವಾಗಿಯೇ ಒದಗಿಸುವ ಸರ್ವರುಗಳು ಇಂದಿಗೂ ಇವೆ. ಚಂದಾದಾರರಲ್ಲಿ ಬಹುಪಾಲು ಜನ ಬರುವುದು ಆ ಭಾರೀ ಕಡತಗಳಿಗೆ, ಅವುಗಳಲ್ಲಿ ಎಷ್ಟೋ ಕದ್ದ ಮಾಲು. ಸಂಶೋಧನೆಯ ಹೆಸರಿನಲ್ಲಿ ನಾನೂ ಆ ಗಾಡಿಗೆ ಎಣ್ಣೆ ಹಾಕಿದ್ದೆ.

ಅಷ್ಟು ಮಾಡಿಯೂ ಬೇಕಾದದ್ದು ಸಿಗಲಿಲ್ಲ. ನಾನು ಚಂದಾ ಕಟ್ಟಿದ ಕಡೆಯ ಉಗ್ರಾಣ ಆ ದಶಕದವರೆಗೆ ಹೋಗುತ್ತಲೇ ಇರಲಿಲ್ಲ. ದುಡ್ಡು ಕೊಟ್ಟದ್ದು ಪೂರ್ಣವಾಗಿರುತ್ತದೆ ಎಂದು ನಂಬಿ, ವಿವರ ಓದದೆ ಕಟ್ಟಿದ ತಪ್ಪು ನನ್ನದೇ. ಹಳೆಯ ಪತ್ರಗಳು ಇದ್ದದ್ದು ಗೂಗಲ್ಲಿನಲ್ಲಿ. 1995ರಿಂದ ಡೇಜಾ ನ್ಯೂಸ್ ಕೂಡಿಹಾಕಿದ್ದ ಸಂಗ್ರಹವನ್ನು ಅದು 2001ರಲ್ಲಿ ಕೊಂಡಿತ್ತು. 2024ರ ಫೆಬ್ರವರಿಯಿಂದ ಹೊಸ ಯೂಸ್‌ನೆಟ್ ಪತ್ರಗಳನ್ನು ಅದು ತೆಗೆದುಕೊಳ್ಳುತ್ತಿಲ್ಲ. ಹಳೆಯವನ್ನು ಓದಬಹುದು, ಬಿಡಿಗಾಸೂ ಇಲ್ಲದೆ.

ಅಲ್ಲಿ ಒಬ್ಬ ವಿದ್ಯಾರ್ಥಿಯ ಪತ್ರ ಸಿಕ್ಕಿತು. ಊರಿನಲ್ಲಿ ಅಪ್ಪ ತೀರಿಕೊಂಡಿದ್ದಾರೆ, ಟಿಕೆಟ್ಟಿಗೆ ದುಡ್ಡಿಲ್ಲ, ಹೋಗಲಾಗಲಿಲ್ಲ. ಯಾರಿಂದಲೂ ಏನೂ ಕೇಳಿಲ್ಲ. ಕೆಳಗೆ ಪೂರ್ತಿ ಹೆಸರು, ವಿಭಾಗ, ಇಮೇಲ್ ವಿಳಾಸ.

ನನ್ನ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ‘ಎಲ್ಲರೆದುರು ಬರೆದದ್ದು ತಾನೇ, ಹಾಕಿಕೊಳ್ಳಿ’ ಎಂದರು ಸಹಪಾಠಿಯೊಬ್ಬರು. ತನ್ನ ಪತ್ರವನ್ನು ಕೂಡಿಡಬೇಡಿ ಎಂದು ತಿಳಿಸಲು ಆಗ ಒಂದು ಸಾಲಿನ ಸೂಚನೆ ಸೇರಿಸಬಹುದಿತ್ತು, ಡೇಜಾ ಅದನ್ನು ಪಾಲಿಸುತ್ತಿತ್ತು. ಈ ಪತ್ರದಲ್ಲಿ ಆ ಸಾಲಿಲ್ಲ. ಇಲ್ಲದಿರುವುದೇ ಒಪ್ಪಿಗೆಯೇ? ಆ ಕಾಲದ ಸರ್ವರುಗಳು ಜಾಗ ಸಾಲದೆ ಕೆಲವು ದಿನ, ಕೆಲವು ವಾರಗಳಲ್ಲಿ ಪತ್ರಗಳನ್ನು ಅಳಿಸುತ್ತಿದ್ದವು. ಆತ ಮಾತಾಡಿದ್ದು ಅಂದಿನ ಕಟ್ಟೆಯಲ್ಲಿ ಕೂತವರೊಡನೆ. ಮೂವತ್ತು ವರ್ಷದ ನಂತರ ಮೈಸೂರಿನಲ್ಲಿ ಟಿಪ್ಪಣಿ ಮಾಡುವವನೊಡನೆ ಅಲ್ಲ.

ನಾನು ಇಷ್ಟು ದಿನ ತಪ್ಪು ಲೆಕ್ಕ ಹಾಕುತ್ತಿದ್ದೆ ಎಂದು ಆಗ ಅನ್ನಿಸಿತು. ದುಡ್ಡು ಕೊಟ್ಟರೆ ಸರಿಯೇ, ಕೊಡದಿದ್ದರೆ ಸರಿಯೇ ಎಂಬುದು ನನಗೂ ಹೊತ್ತವನಿಗೂ ನಡುವಿನ ವ್ಯವಹಾರ. ಚಂದಾ ರಸೀದಿ ಆ ಮಾತಿನ ಮೇಲೆ ನನಗೆ ಹಕ್ಕು ಕೊಡುವುದಿಲ್ಲ. ಪುಕ್ಕಟೆ ಸಿಕ್ಕಿತು ಎಂಬುದೂ ಕೊಡುವುದಿಲ್ಲ. ಆಡಿದವನ ಋಣ ಎರಡರಲ್ಲೂ ಉಳಿಯುತ್ತದೆ.

ಆ ಇಮೇಲಿಗೆ ಬರೆದೆ. ವಿಳಾಸವೇ ಇಲ್ಲವೆಂದು ವಾಪಸಾಯಿತು. ಪ್ರಬಂಧದಲ್ಲಿ ಅಂಥದೊಂದು ಪತ್ರವಿತ್ತು ಎಂದಷ್ಟೇ ಹೇಳಿದ್ದೇನೆ. ಹೆಸರಿಲ್ಲ, ಅವರ ಒಂದು ವಾಕ್ಯವೂ ಇಲ್ಲ. ಮಾರ್ಗದರ್ಶಕರು ಓದಿ, ‘ಈ ಪುಟ ತೆಳುವಾಯಿತಲ್ಲಪ್ಪ’ ಎಂದರು. ‘ಹೌದು ಸಾರ್’ ಎಂದೆ. ಇನ್ನೂ ಬದಲಿಸಿಲ್ಲ.