ಹೊದಿಕೆಯ ದಾಸೋಹ

ಮಾರ್ಗಶಿರ, ಪುಷ್ಯ ಮಾಸಗಳೆರಡೂ ಸೇರಿ ಹೇಮಂತ ಋತುವೆನಿಸುವುವು. ಬೀದರ, ವಿಜಯಪುರ ಮೊದಲಾದ ಬಯಲು ಪ್ರದೇಶಗಳಲ್ಲಿ ಈ ಋತುವಿನ ಕೆಲವು ರಾತ್ರಿಗಳಂದು ಉಷ್ಣಮಾನವು 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಹಿಮ ಬೀಳುವ ದೇಶದವರಿಗೆ ಇದು ಚಳಿಯೆಂದೇ ತೋರದಿರಬಹುದು. ಆದರೆ ಚಳಿಯನ್ನು ಪಾದರಸವೊಂದರಿಂದಲೇ ಅಳೆಯಲಾಗದು. ಬಾಗಿಲಿಲ್ಲದ ಗುಡಿಸಲು, ಬೆನ್ನ ಕೆಳಗಿನ ಹಸಿನೆಲ, ಅರೆತುಂಬಿದ ಹೊಟ್ಟೆ, ಇವು ಕೂಡ ಅದರ ಅಳತೆಗೋಲುಗಳೇ. ಬೆಚ್ಚನೆಯ ಮನೆಯಲ್ಲಿ ಮಲಗಿದವನು ಹಿತವಾದ ಚಳಿಯೆಂದು ನುಡಿಯುವ ರಾತ್ರಿಯಲ್ಲಿಯೇ, ಹೊಲದ ಬದುವಿನಲ್ಲಿ ಮಲಗಿದ ತಾಯಿಯು ಹಸುಗೂಸನ್ನು ಮೈಗವಚಿಕೊಂಡು ಬೆಳಗಿನ ದಾರಿ ನೋಡುತ್ತಿರುವಳು. ಹಸುಗೂಸಿನ ಮೈ ಬೇಗನೆ ತಣ್ಣಗಾಗುವುದು; ಮುಪ್ಪಿನವರ ಮೈಯಲ್ಲಿ ಕಾವು ಹುಟ್ಟುವುದೇ ಕಡಿಮೆ. ಈ ಎರಡು ವಯಸ್ಸಿನವರಿಗೆ ಒಂದು ಹೊದಿಕೆಯೆಂಬುದು ಅನ್ನದಷ್ಟೇ ಪ್ರಾಣಾಧಾರವಾದುದು.

ಕೃಷ್ಣಾ, ಘಟಪ್ರಭಾ ನದಿಗಳ ನೀರಾವರಿಯುಳ್ಳ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ದೀಪಾವಳಿಯ ಹಿಂದುಮುಂದು ಸಕ್ಕರೆ ಕಾರ್ಖಾನೆಗಳ ಹಂಗಾಮು ಮೊದಲಾಗುವುದು. ಆಗ ಮಳೆಯನ್ನೇ ನಂಬಿದ ದೂರದ ಊರುಗಳಿಂದ, ಮಹಾರಾಷ್ಟ್ರದ ಬೀಡ ಸೀಮೆಯಿಂದಲೂ, ಕಬ್ಬು ಕಡಿಯುವವರು ಹೆಂಡಿರು ಮಕ್ಕಳೊಡನೆ, ಕೆಲವರು ಎತ್ತಿನ ಗಾಡಿಗಳೊಡನೆ ಬಂದಿಳಿಯುವರು. ಕಬ್ಬಿನ ರವದಿಯನ್ನು ಹೊದಿಸಿದ ಗುಡಿಸಲೇ ಅವರಿಗೆ ನಾಲ್ಕೈದು ತಿಂಗಳ ಮನೆ. ನಸುಕಿನಲ್ಲಿಯೇ ಎದ್ದು, ಇಬ್ಬನಿಯಿಂದ ತೊಯ್ದ ಗರಿಗಳ ನಡುವೆ ಕುಡುಗೋಲು ಹಿಡಿದು ನಿಲ್ಲುವುದು ಅವರ ಕಾಯಕ. ಲೋಕದ ನಾಲಗೆಗೆ ಸಿಹಿಯನ್ನು ಒದಗಿಸುವ ಈ ಕೈಗಳು ಹೇಮಂತದಲ್ಲಿ ಮರಗಟ್ಟಿರುವುವು. ಇವರಿಗಾಗಿ ಕಂಬಳಿ, ಶಾಲು, ಸ್ವೆಟರುಗಳನ್ನು ಕೂಡಿಸಿ ಹಂಚುವ ಕಾರ್ಯವನ್ನು ಊರಿನ ಭಕ್ತಸಮುದಾಯಗಳು ಕೈಕೊಳ್ಳುವುದು ಸ್ತುತ್ಯವೇ ಸರಿ.

ಆದರೆ ಇಂತಹ ಕಾರ್ಯವು ಎರಡನೆಯ ವರ್ಷಕ್ಕೆ ಕಾಲಿಡುವಾಗ ಕೊಡುವವರ ಸಭೆಗಳಲ್ಲಿ ಒಂದು ಅಸಮಾಧಾನದ ಮಾತು ಕೇಳಿಬರುವುದುಂಟು. “ಕಳೆದ ಸಲ ಕೊಟ್ಟ ಕಂಬಳಿಯನ್ನು ಒಬ್ಬನು ತನ್ನ ಎತ್ತಿಗೆ ಹೊದಿಸಿದ್ದನಂತೆ. ಇನ್ನೊಬ್ಬನು ಸಂತೆಯಲ್ಲಿ ಮಾರಿಕೊಂಡನಂತೆ. ಬೆಲೆಯರಿಯದವರಿಗೆ ಮತ್ತೇಕೆ ಕೊಡಬೇಕು?” ಎಂದು ಒಬ್ಬರು ಎತ್ತಿದ ಮಾತಿಗೆ ನಾಲ್ವರು ತಲೆದೂಗುವರು. ಅಷ್ಟಕ್ಕೇ ಆ ವರ್ಷದ ಕಾರ್ಯವು ನಿಂತುಹೋಗುವುದೂ ಉಂಟು. ಮಾತು ಸಣ್ಣದಾಗಿ ಕಂಡರೂ ದಾಸೋಹತತ್ತ್ವದ ಬುಡಕ್ಕೇ ಕೈಯಿಕ್ಕುವಂತಹುದು. ಆದಕಾರಣ ಇದನ್ನು ಶರಣರ ಬಾಳಿನ ಬೆಳಕಿನಲ್ಲಿಟ್ಟು ವಿಚಾರಿಸತಕ್ಕದ್ದು.

ಜೇಡರ ದಾಸಿಮಯ್ಯಗಳ ಚರಿತ್ರೆಯನ್ನು ಅರಿಯದ ಭಕ್ತರು ವಿರಳ. ಮುದನೂರಿನ ಈ ಮಹಾನುಭಾವರು ನೇಯ್ಗೆಯನ್ನೇ ಕಾಯಕವನ್ನಾಗಿ ಮಾಡಿಕೊಂಡವರು. ರಾಮನಾಥನ ಅಂಕಿತದಲ್ಲಿ ವಚನಗಳನ್ನು ನುಡಿದವರು. ಇವರು ಬಹು ಶ್ರಮದಿಂದ ಒಂದು ದಿವ್ಯವಸ್ತ್ರವನ್ನು ನೇಯ್ದು ಮಾರಲು ಒಯ್ದರೆಂದೂ, ಅದಕ್ಕೆ ಬೆಲೆಕಟ್ಟಬಲ್ಲವರು ದೊರೆಯದೆ ಹಿಂದಿರುಗುವಾಗ ಒಬ್ಬ ವೃದ್ಧ ಜಂಗಮನು ಬಂದು ಅದನ್ನು ಬೇಡಿದನೆಂದೂ ಶರಣಚರಿತ್ರೆಗಳು ಹೇಳುವುವು. ದಾಸಿಮಯ್ಯಗಳು ಮರುಮಾತಿಲ್ಲದೆ ಕೊಟ್ಟರು. ಆ ವೃದ್ಧನಾದರೋ ಅವರ ಕಣ್ಣೆದುರಿನಲ್ಲಿಯೇ ವಸ್ತ್ರವನ್ನು ಹರಿದು ಚೂರು ಚೂರು ಮಾಡಿದನು. ನೋಡಿದವರು ಮರುಗಿದರು. ನೇಯ್ದವರು ಮಾತ್ರ ಮರುಗಲಿಲ್ಲ. ಅವರ ನಿಶ್ಚಲಭಕ್ತಿಗೆ ಮೆಚ್ಚಿ ಶಿವನು ತವನಿಧಿಯನ್ನು ಕರುಣಿಸಿದನೆಂಬುದು ಕಥೆಯ ಮುಂದಿನ ಭಾಗ.

ಕಥೆ ಕೇಳುವವರು ಬಹುಶಃ ತವನಿಧಿಯನ್ನೇ ನೆನಪಿನಲ್ಲಿಡುವರು. ಬತ್ತದ ಕಣಜವೆಂದರೆ ಯಾರಿಗೆ ಬೇಡ! ವಿಚಾರಿಸಿ ನೋಡಿದರೆ ಕಥೆಯ ಮರ್ಮವಿರುವುದು ಹರಿದ ಬಟ್ಟೆಯಲ್ಲಿ. ಕೊಟ್ಟ ಗಳಿಗೆಯಲ್ಲಿಯೇ ಆ ವಸ್ತ್ರವು ದಾಸಿಮಯ್ಯಗಳದ್ದಲ್ಲವಾಯಿತು. ಅದನ್ನು ಹೊದೆಯುವುದೋ, ಹರಿಯುವುದೋ ಎಂಬುದು ಪಡೆದವನ ಸ್ವಾತಂತ್ರ್ಯ. ಕೊಟ್ಟ ಮೇಲೆಯೂ ಕಣ್ಣು ಆ ವಸ್ತುವಿನ ಬೆನ್ನಟ್ಟಿ ಹೋದರೆ ಕೈ ಮಾತ್ರ ಕೊಟ್ಟಿತು, ಮನಸ್ಸು ಕೊಡಲಿಲ್ಲವೆಂದಾಯಿತು. ತನು, ಮನ, ಧನಗಳು ಮೂರೂ ಕೂಡಿ ಸವೆದರಲ್ಲದೆ ದಾಸೋಹವಾಗದೆಂದು ವಚನಕಾರರು ಸಾರಿದುದು ಇದಕ್ಕಾಗಿಯೇ.

ಇನ್ನು ಎತ್ತಿನ ಮಾತು. ಗಾಡಿ ಹೂಡಿ ಬಂದ ಕೂಲಿಯವನಿಗೆ ಆ ಎತ್ತು ಕಾಯಕದಲ್ಲಿ ಒಡನಾಡಿ. ಅದು ಚಳಿಗೆ ಕಾಯಿಲೆ ಬಿದ್ದರೆ ಗಾಡಿ ನಿಲ್ಲುವುದು. ಗಾಡಿ ನಿಂತರೆ ಮಕ್ಕಳ ಅನ್ನ ನಿಲ್ಲುವುದು. ತಾನು ನಡುಗುತ್ತ ಎತ್ತಿಗೆ ಕಂಬಳಿ ಹೊದಿಸಿದವನ ಅಂತಃಕರಣವನ್ನು ಕಂಡು ಕೊಟ್ಟವರು ಹಿಗ್ಗಬೇಕಾಗಿತ್ತು. ಸಂತೆಯಲ್ಲಿ ಮಾರಿದವನ ವಿಷಯವೂ ಹೀಗೆಯೇ. ಅಂದು ಅವನ ಮನೆಯಲ್ಲಿ ಕಂಬಳಿಗಿಂತ ಜೋಳವೇ ಅಗತ್ಯವಾಗಿದ್ದಿರಬಹುದು; ಔಷಧಿಯೇ ಅಗತ್ಯವಾಗಿದ್ದಿರಬಹುದು. ಅವನು ಕುಡಿತಕ್ಕಾಗಿ ಮಾರಿದ್ದರೋ ಎಂಬ ಪ್ರಶ್ನೆ ಉಳಿಯುವುದು, ನಿಜ. ಆದರೆ ಅದಕ್ಕಾಗಿ ಉಳಿದ ಗುಡಿಸಲುಗಳ ಕೂಸುಗಳೆಲ್ಲ ಚಳಿಯಲ್ಲಿ ನಡುಗಬೇಕೆಂಬುದು ಯಾವ ನ್ಯಾಯ?

ದಾನವೆಂಬ ಶಬ್ದವನ್ನು ಬಿಟ್ಟು ಶರಣರು ದಾಸೋಹವೆಂಬ ಶಬ್ದವನ್ನು ಹಿಡಿದುದರಲ್ಲಿ ಗಹನವಾದ ಅರ್ಥವಿದೆ. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸ. ಎದುರಿಗೆ ನಿಂತವನು ಜಂಗಮಸ್ವರೂಪಿ. ಶಿವನ ಸೊತ್ತನ್ನು ಶಿವನಿಗೆ ಒಪ್ಪಿಸುವಾಗ “ನಾನು ಕೊಟ್ಟೆ” ಎಂಬ ಅಹಂಕಾರಕ್ಕೆ ಎಡೆಯೆಲ್ಲಿ?

ಆಯ್ದಕ್ಕಿ ಲಕ್ಕಮ್ಮನ ಮಾತು ಇಲ್ಲಿ ನೆನಪಿಗೆ ಬಾರದಿರದು. ಪತಿಯಾದ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಆ ಮಹಾತಾಯಿ ಆತನನ್ನು ಹಿಂದಕ್ಕೆ ಕಳುಹಿದಳು. ಬಡತನದಲ್ಲಿದ್ದವಳು ಆಡಿದ ಮಾತಿದು! ಈ ಅಳತೆಯಿಂದ ಮನೆಯ ಪೆಟ್ಟಿಗೆಗಳನ್ನು ತೆರೆದು ನೋಡಬೇಕು. ಮದುವೆಯಲ್ಲಿ ಬಂದ ರಗ್ಗುಗಳು, ಸನ್ಮಾನದಲ್ಲಿ ಹೊದಿಸಿದ ಶಾಲುಗಳು, ಮಕ್ಕಳು ಬೆಳೆದು ಚಿಕ್ಕದಾದ ಸ್ವೆಟರುಗಳು, ಇವೆಲ್ಲ ನುಸಿಗುಳಿಗೆಯ ವಾಸನೆಯಲ್ಲಿ ವರ್ಷಗಟ್ಟಲೆ ಮಲಗಿರುವುವು. ಅಗತ್ಯಕ್ಕೆ ಮೀರಿದ ಹೊದಿಕೆಯನ್ನು ಹೊರಗೆ ತೆಗೆದವನು ಲಕ್ಕಮ್ಮನ ಲೆಕ್ಕದಲ್ಲಿ ದಾನಿಯಲ್ಲ. ಹೆಚ್ಚಿನದನ್ನು ಹಿಂದಿರುಗಿಸಿದವನು ಅಷ್ಟೆ. (ಸನ್ಮಾನದ ಶಾಲುಗಳಂತೂ ಹೊದೆಸಿಕೊಂಡವರಿಗೂ ಬೆಚ್ಚಗೆ ಮಾಡಿದಂತೆ ತೋರದು.)

ಹಿಂದಿರುಗಿಸುವುದೆಂದ ಮಾತ್ರಕ್ಕೆ ಹರಿದುದನ್ನು, ಗುಂಡಿ ಕಿತ್ತುದನ್ನು, ಕಮಟು ನಾರುವುದನ್ನು ಗಂಟುಕಟ್ಟಿ ಹೊರಹಾಕುವುದಲ್ಲ. ಲಿಂಗಕ್ಕೆ ಅರ್ಪಿಸಲಾಗದ ಪದಾರ್ಥವು ಜಂಗಮಕ್ಕೂ ಅರ್ಪಿತವಲ್ಲ. ಒಗೆದು, ಬಿಸಿಲಿಗೊಣಗಿಸಿ, ಹೊಲಿಗೆ ಬಿಟ್ಟಲ್ಲಿ ಹೊಲಿದು, ತನ್ನ ಮನೆಯ ಮಗುವಿಗೆ ತೊಡಿಸಬಹುದೇ ಎಂದು ಕೇಳಿಕೊಂಡು ಕೊಡಬೇಕು. ಹಳೆಯ ಸೀರೆ ಧೋತರಗಳು ಹಾಗೆಯೇ ಕೊಡಲು ಬಾರದಂತಿದ್ದರೆ ಅವುಗಳಿಂದ ಕೌದಿಯನ್ನು ಹೊಲಿಯುವ ವಿದ್ಯೆ ಉತ್ತರ ಕರ್ನಾಟಕದ ತಾಯಂದಿರಿಗೆ ಕರಗತವಾಗಿಯೇ ಇದೆ. ಪದರದ ಮೇಲೆ ಪದರವಿಟ್ಟು ಒತ್ತಾಗಿ ಹೊಲಿದ ಕೌದಿಯು ಹಾಸಲೂ ಆಗುವುದು, ಹೊದೆಯಲೂ ಆಗುವುದು. ನೆಲದಿಂದೇರುವ ಚಳಿಗೆ ಹಾಸಿಗೆಯೇ ಮದ್ದು. ಮೇಲೆ ಎರಡು ಹೊದ್ದರೂ ಕೆಳಗೆ ಬರಿನೆಲವಿದ್ದರೆ ನಡುಕ ನಿಲ್ಲದು. ಅಕ್ಕನ ಬಳಗದವರು ವಾರಕ್ಕೊಂದು ಮಧ್ಯಾಹ್ನ ಕೂಡಿ ಕೌದಿ ಹೊಲಿದರೆ, ಕೂಸುಗಳಿಗೆ ನಾಲ್ಕು ಕುಂಚಿಗೆಗಳನ್ನು ಹೊಲಿದರೆ, ಅದೂ ಒಂದು ಅನುಭಾವಗೋಷ್ಠಿಯೇ. ಹಣ ಕೂಡಿಸಿದವರು ಚಳ್ಳಕೆರೆಯ ಕಡೆಯ ಕೈಮಗ್ಗದ ಕಂಬಳಿಯನ್ನು ಕೊಂಡರೆ ಹೊದೆಯುವವನೊಡನೆ ಕುರಿ ಸಾಕುವವನಿಗೂ, ನೇಯುವವನಿಗೂ ಅನ್ನ ದೊರೆಯುವುದು. ಉಣ್ಣೆಯ ಕಂಬಳಿ ಒರಟು, ನಿಜ. ಆದರೆ ಇಬ್ಬನಿಗೆ ಬೇಗ ತೋಯದು.

ಪಡೆಯುವವನ ಮಾನವನ್ನು ಕಾಯುವ ಬಗೆಯನ್ನು ಚಿಂತಿಸಿದವರು ಈ ಕಾಲದಲ್ಲಿಯೂ ಇಲ್ಲದಿಲ್ಲ. 1999ರಲ್ಲಿ ದೆಹಲಿಯಲ್ಲಿ ಗೂಂಜ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ ಅಂಶು ಗುಪ್ತ ಎಂಬವರು ಪಟ್ಟಣಗಳ ಹೆಚ್ಚಿನ ಬಟ್ಟೆಗಳನ್ನು ಕೂಡಿಸಿ, ಒಪ್ಪಮಾಡಿ, ಹಳ್ಳಿಗಳಿಗೆ ಮುಟ್ಟಿಸುತ್ತ ಬಂದರು. 2015ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಅವರ ಕಾರ್ಯಕ್ರಮದಲ್ಲಿ ಹಳ್ಳಿಯವರು ತಮ್ಮ ಊರಿಗೆ ಬೇಕಾದ ಬಾವಿ, ದಾರಿ, ಸೇತುವೆಗಳನ್ನು ತಾವೇ ನಿಶ್ಚಯಿಸಿ ದುಡಿಯುವರು. ಬಟ್ಟೆಯು ಆ ದುಡಿಮೆಗೆ ಸಲ್ಲುವ ಗೌರವವಾಗಿ ಬರುವುದು. ಕಾಯಕತತ್ತ್ವಕ್ಕೆ ಇದು ಎಷ್ಟು ಸಮೀಪವೆಂದು ಬೇರೆ ಹೇಳಬೇಕಿಲ್ಲ. ಆದರೂ ಇದನ್ನೇ ಹಟಹಿಡಿದು ನಡುಗುತ್ತಿರುವ ಮುದುಕಿಗೆ ಮೊದಲು ಕಸ ಗುಡಿಸೆನ್ನುವುದು ಕಾಯಕವಲ್ಲ, ಕ್ರೌರ್ಯ. ಕಬ್ಬು ಕಡಿಯುವವನಾದರೋ ಕಾಯಕವನ್ನು ಆಗಲೇ ಮಾಡಿ ಮುಗಿಸಿರುವನು. ಅವನಿಂದ ಮತ್ತೇನನ್ನೂ ಬೇಡಬೇಕಾದುದಿಲ್ಲ.

ಕಾಲದ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಜಾತ್ರೆಯ ವೇದಿಕೆ, ಅಧ್ಯಕ್ಷರ ಬಿಡುವು, ಛಾಯಾಚಿತ್ರಗಾರನ ಅನುಕೂಲ ಇವುಗಳನ್ನೆಲ್ಲ ನೋಡಿ ಮಾಘಮಾಸದಲ್ಲಿ ಕಂಬಳಿ ಹಂಚಿದರೆ ಚಳಿಯು ಅದಾಗಲೇ ತನ್ನ ಕೆಲಸವನ್ನು ಮಾಡಿ ಹೊರಟಿರುವುದು. ದೀಪಾವಳಿಗೆ ಮನೆ ಸಾರಿಸಿ ಹೊಸ ಬಟ್ಟೆ ತರುವಾಗಲೇ ಜೋಳಿಗೆ ಮನೆಮನೆಗೆ ಹೋಗಬೇಕು. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ನಾಡಿದು. ಅಂತಹ ಜೋಳಿಗೆಗೆ ಒಂದು ಕಂಬಳಿ ಭಾರವಾಗದು. ಎಳ್ಳಮಾವಾಸ್ಯೆಗೆ ಮುನ್ನವೇ ಹೊದಿಕೆಗಳು ಗುಡಿಸಲುಗಳನ್ನು ಸೇರಿರಬೇಕು.

ಅದಕ್ಕೆ ವೇದಿಕೆಯೂ ಬೇಡ, ಸರತಿಯ ಸಾಲೂ ಬೇಡ. ಸಂಜೆ ಕುಡುಗೋಲು ಕೆಳಗಿಟ್ಟು ಜನರು ಒಲೆ ಹೊತ್ತಿಸುವ ಹೊತ್ತಿಗೆ ನಾಲ್ವರು ಹೋಗಿ, ಶರಣು ಹೇಳಿ, ತಂದುದನ್ನು ಜಮಖಾನೆಯ ಮೇಲೆ ಹರಡಿ, ಬೇಕಾದುದನ್ನು ಅವರೇ ಆರಿಸಿಕೊಳ್ಳುವಂತೆ ಮಾಡಿದರೆ ಸಾಕು. ತಾಯಿಯು ಕೂಸಿನ ಅಳತೆ ನೋಡಿ ಕುಂಚಿಗೆಯನ್ನು ಆರಿಸಲಿ. ಮುದುಕನು ಉಣ್ಣೆಯನ್ನು ಮುಟ್ಟಿ ನೋಡಿ ಬೇಡವೆನ್ನಲಿ, ಮತ್ತೊಂದನ್ನು ಎತ್ತಿಕೊಳ್ಳಲಿ. ಹೋಗುವಾಗ ಗಾಡಿಯಲ್ಲಿ ನಾಲ್ಕು ಗೋಣಿತಟ್ಟುಗಳನ್ನೂ ಹಾಕಿಕೊಂಡು ಹೋದರೆ ಎತ್ತುಗಳಿಗೂ ಆಗುವುದು.